ಕೆಳಗೆ ಬರೆದ ತಾರೀಖು

ಅಪ್ಪಾ,

ಮೊದಲೇ ಸಾರಿ. ಪತ್ರ ಬರೆಯುತ್ತಿರುವುದಕ್ಕೇ ಸಾರಿ. ದಿನಕ್ಕೆ ಮೂರು ಹೊತ್ತು ಫೋನಿನಲ್ಲಿ ಸಿಗುವ ಮಗಳು ಇದ್ದಕ್ಕಿದ್ದಂತೆ ಪತ್ರ ಹಾಕಿದರೆ ನಿಮ್ಮ ಎದೆ ಧಸಕ್ ಅನ್ನುತ್ತದೆ ಅಂತ ಗೊತ್ತು. ಏನೂ ಆಗಿಲ್ಲ. ಜ್ವರ ಇಲ್ಲ, ಎಲ್ಲೂ ಬಿದ್ದಿಲ್ಲ, ಯಾರೂ ಬೈದಿಲ್ಲ. ಇಷ್ಟು ಓದಿ ಒಂದು ಲೋಟ ನೀರು ಕುಡಿದು ಆಮೇಲೆ ಮುಂದೆ ಓದಿ.

ಫೋನಿನಲ್ಲೇ ಹೇಳೋಣ ಅಂತ ನಾಲ್ಕು ಸಲ ಟ್ರೈ ಮಾಡಿದೆ. ಆದರೆ ನಿಮ್ಮ ಜೊತೆ ಬಾಯಿಮಾತಿನಲ್ಲಿ ಗೆದ್ದವರು ಯಾರಿದ್ದಾರೆ? ಮೈಕಿನಲ್ಲಿ ಕೂಗಿ ಇಡೀ ಬಸ್ ಸ್ಟ್ಯಾಂಡನ್ನೇ ಲೈನಿಗೆ ನಿಲ್ಲಿಸುವ ಗಂಟಲು ನಿಮ್ಮದು. ನೀವು ‘ಹೇಳು’ ಅಂದ ಕೂಡಲೇ ನಾನು ಹೇಳಬೇಕಾದದ್ದೆಲ್ಲ ಮರೆತು ‘ಊಟ ಆಯ್ತು ಅಪ್ಪ’ ಅಂದುಬಿಡುತ್ತೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು, ನಿಮಗೆ ನಿಜ ಹೇಳಲು ನನಗೆ ಬರುವುದು ಪೇಪರಿನ ಮೇಲೆ ಮಾತ್ರ.

ವಿಷಯ ಇಷ್ಟೇ. ದಿನಕ್ಕೆ ಮೂರು ಕಾಲ್ ಬೇಡ ಅಪ್ಪ. ಮಧ್ಯಾಹ್ನದ ಎರಡು ಗಂಟೆಯದಂತೂ ಬೇಡವೇ ಬೇಡ. ಡ್ರಾಯಿಂಗ್ ಹಾಲ್‌ನಲ್ಲಿ ಅರವತ್ತು ಜನ ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿರುವಾಗ ನನ್ನ ಫೋನ್ ಒಂದೇ ಗುರ್ ಗುರ್ ಅನ್ನುತ್ತದೆ. ಸರ್ ತಲೆ ಕೂಡ ಎತ್ತುವುದಿಲ್ಲ, ‘ಎರಡು ಗಂಟೆ ಆಯ್ತು ಅಂತ ಕಾಣುತ್ತೆ’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನು ಎತ್ತದಿದ್ದರೆ ನೀವು ವಾರ್ಡನ್‌ಗೆ ಮಾಡುತ್ತೀರಿ, ವಾರ್ಡನ್ ಎತ್ತದಿದ್ದರೆ ಗೇಟಿನ ವಾಚ್‌ಮನ್‌ಗೆ. ಅವರ ನಂಬರ್ ನಿಮಗೆ ಹೇಗೆ ಸಿಕ್ಕಿತು ಅಂತ ನಾನು ಕೇಳುವುದಿಲ್ಲ.

ನಿಜ ಹೇಳಬೇಕೆಂದರೆ ನನಗೂ ಇಲ್ಲಿ ಎಲ್ಲದಕ್ಕೂ ಭಯ. ಲಿಫ್ಟಿಗೆ ಭಯ, ಸೀನಿಯರ್ಸ್‌ಗೆ ಭಯ, ರಸ್ತೆ ದಾಟುವುದಕ್ಕೆ ಭಯ. ಆದರೆ ಅದರಲ್ಲಿ ನನ್ನ ಭಯ ಎಷ್ಟು, ನೀವು ಕಟ್ಟಿಕೊಟ್ಟು ಕಳಿಸಿದ ಭಯ ಎಷ್ಟು ಅಂತ ಗೊತ್ತಾಗುತ್ತಿಲ್ಲ. ಅದನ್ನು ಒಂದು ಸಲ ಬೇರೆ ಮಾಡಿ ನೋಡಬೇಕು ಅಂತ ಆಸೆ.

ಭಾನುವಾರ ಒಂದು ಕಾಲ್ ಸಾಕು. ಉಳಿದದ್ದಕ್ಕೆ ಪತ್ರ ಇದೆಯಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನಿಗೆ ತೋರಿಸಬೇಡಿ, ಅವಳು ನಗುತ್ತಾಳೆ.

ನಿಮ್ಮ
ಎಕ್ಸ್‌ಪ್ರೆಸ್

ಆಗಸ್ಟ್ 6


ಆಗಸ್ಟ್ 12

ಅಪ್ಪಾ,

ನೀವು ಮನೆ ತಲುಪಿದಿರಿ ಅಂತ ಅಮ್ಮ ಮೆಸೇಜ್ ಹಾಕಿದ್ದಾಳೆ. ಸರಿ. ಈಗ ನಾನು ಬರೆಯುವುದನ್ನು ಕೂತು ಓದಿ.

ದಿನಕ್ಕೆ ಮೂರು ಕಾಲ್ ಬೇಡ ಅಂತ ಬರೆದರೆ, ರಾತ್ರಿ ಬಸ್ ಹತ್ತಿ ನೀವೇ ಬಂದು ನಿಂತಿರಲ್ಲ, ಇದಕ್ಕೆ ಏನನ್ನಬೇಕು? ಅದೂ ಯೂನಿಫಾರ್ಮ್‌ನಲ್ಲಿ, ಬೆಳಿಗ್ಗೆ ಎಂಟಕ್ಕೆ, ಇಡೀ ಹಾಸ್ಟೆಲ್ ತಿಂಡಿಗೆ ಇಳಿಯುವ ಹೊತ್ತಿಗೆ. ವಾಚ್‌ಮನ್ ಯಾರು ಬೇಕು ಅಂತ ಕೇಳಿದ್ದು ನಿಜ. ಮೆಲ್ಲಗೆ ಹೇಳಿದ್ದರೆ ಅವರು ಇಂಟರ್‌ಕಾಮ್‌ನಲ್ಲಿ ಕರೆಯುತ್ತಿದ್ದರು. ನೀವು ಮೂರು ಮಹಡಿಯ ಬಿಲ್ಡಿಂಗ್ ಕಡೆ ತಿರುಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ‘ದಯವಿಟ್ಟು ಗಮನಿಸಿ’ ಅಂತ ಶುರು ಮಾಡಿದಿರಿ. ನನ್ನ ಹೆಸರು, ರೋಲ್ ನಂಬರ್, ರೂಮ್ ನಂಬರ್, ಎಲ್ಲಿದ್ದರೂ ಕೂಡಲೇ ಗೇಟಿನ ಬಳಿ ಬರತಕ್ಕದ್ದು. ಬಸ್ ಸ್ಟ್ಯಾಂಡಿನಲ್ಲಿ ಕೂಗುವಂತೆಯೇ, ಮೂರು ಸಲ.

ನಾನು ಒದ್ದೆ ತಲೆಯಲ್ಲಿ ಇಳಿದು ಬಂದೆ. ಮೂರನೇ ಮಹಡಿಯ ಒಬ್ಬಳು ಸೀನಿಯರ್ ಕಿಟಕಿಯಿಂದ ವಿಡಿಯೋ ಮಾಡುತ್ತಿದ್ದಳು. ಈಗ ಮೆಸ್‌ನಲ್ಲಿ ನನ್ನ ಹೆಸರೇ ‘ದಯವಿಟ್ಟು ಗಮನಿಸಿ’. ತಟ್ಟೆ ಹಿಡಿದು ನಡೆದರೆ ಹಿಂದಿನಿಂದ ಯಾರೋ ಕೂಗುತ್ತಾರೆ, ಮೂರು ಸಲ. ಅದನ್ನು ಡಿಲೀಟ್ ಮಾಡು ಅಂತ ಅವಳ ರೂಮಿಗೆ ಹೋಗಿ ಕೈಮುಗಿದು ಕೇಳಿಕೊಂಡೆ. ಮಾಡಿದೆ ಅಂದಳು.

ಏನಾಯಿತು, ಯಾಕೆ ಬಂದಿರಿ ಅಂತ ಕೇಳಿದರೆ ‘ತಾರೀಖು ಕೆಳಗಿತ್ತಲ್ಲ, ಎಕ್ಸ್‌ಪ್ರೆಸ್’ ಅಂದಿರಿ. ನನಗೆ ತಲೆಬುಡ ಗೊತ್ತಾಗಲಿಲ್ಲ. ಬರಲು ಒಂದು ನೆಪ ಬೇಕಿತ್ತು, ಅಷ್ಟೇ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಹಾಗಾಗಿ ಕಂಡಿಷನ್ ಹಾಕುತ್ತಿದ್ದೇನೆ. ಭಾನುವಾರ ಬಿಟ್ಟು ಫೋನ್ ಇಲ್ಲ. ನಾನು ಕರೆಯದೆ ನೀವು ಇಲ್ಲಿಗೆ ಬರುವ ಹಾಗಿಲ್ಲ. ಮತ್ತೆ, ಇದು ಎಲ್ಲಕ್ಕಿಂತ ಮುಖ್ಯ, ಯಾರಿಗೋ ಹುಷಾರಿಲ್ಲ ಅಂತ ಹೇಳಿ ನನ್ನನ್ನು ಕರೆಸಿಕೊಳ್ಳಬಾರದು. ಒಂಬತ್ತನೇ ಕ್ಲಾಸಿನ ಟೂರ್ ನೆನಪಿದೆಯಾ? ಅಮ್ಮನಿಗೆ ಸೀರಿಯಸ್ ಅಂತ ವಾರ್ಡನ್‌ಗೆ ಹೇಳಿ ನನ್ನನ್ನು ಬಸ್ಸಿನಿಂದ ಇಳಿಸಿದಿರಿ. ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದರೆ ಅಮ್ಮ ಮೆಷಿನ್ ಮುಂದೆ ಕೂತು ಯಾರದೋ ಸ್ಕೂಲ್ ಯೂನಿಫಾರ್ಮಿಗೆ ಗುಂಡಿ ಹಚ್ಚುತ್ತಿದ್ದಳು. ಅವಳಿಗೆ ತಲೆನೋವೂ ಇರಲಿಲ್ಲ. ಇನ್ನು ಮೇಲೆ ಹುಷಾರಿಲ್ಲ ಅಂತ ಹೇಳಿದರೂ ನಾನು ನಂಬುವುದಿಲ್ಲ, ಬರುವುದೂ ಇಲ್ಲ.

ನಿಮ್ಮ ವಾಯ್ಸ್ ಮೆಸೇಜ್ ಎಲ್ಲ ಅಳಿಸಿಹಾಕಿದ್ದೇನೆ. ಇನ್ನೂರ ಹನ್ನೊಂದು ಇದ್ದವು. ಎಲ್ಲದರಲ್ಲೂ ಛತ್ರಿ, ಊಟ, ಹುಷಾರು. ಮಾತು ಬೆಳ್ಳಿ, ಮೌನ ಬಂಗಾರ ಅಂತ ನನ್ನ ಕೈಯಲ್ಲಿ ಕಾಪಿ ಬರೆಸಿದ್ದು ನೀವೇ ತಾನೆ. ಸ್ವಲ್ಪ ಬಂಗಾರವನ್ನೂ ಕೊಡಿ ಅಪ್ಪ.

ಮಗಳು


ಆಗಸ್ಟ್ 20

ಎಕ್ಸ್‌ಪ್ರೆಸ್,

ನಿನ್ನ ಪತ್ರ ಓದಿದೆ. ಎರಡು ಸಲ ಓದಿದೆ. ಮೂರನೇ ಸಲ ಓದಲಿಲ್ಲ, ಅಭ್ಯಾಸ ಬಿಡಬೇಕಲ್ಲ.

ಕಂಡಿಷನ್‌ಗಳೆಲ್ಲ ಒಪ್ಪಿಗೆ. ಒಂಬತ್ತನೇ ಕ್ಲಾಸಿನ ವಿಷಯದಲ್ಲಿ ನನ್ನದು ತಪ್ಪು. ಆವತ್ತು ಮಧ್ಯಾಹ್ನ ನಮ್ಮ ಸ್ಟ್ಯಾಂಡಿಗೆ ಒಂದು ಟೂರ್ ಬಸ್ ಗಾಜು ಒಡೆದುಕೊಂಡು ಬಂದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಸೀಟಿನ ಕೆಳಗೆ ಒಂದು ಮಗುವಿನ ಚಪ್ಪಲಿ ಬಿದ್ದಿತ್ತು. ಅದನ್ನು ನೋಡಿ ನನ್ನ ಬುದ್ಧಿ ಹೋಯಿತು. ಹೀಗೇ ಅಂತ ಹೇಳಿದ್ದರೆ ವಾರ್ಡನ್ ಬಿಡುತ್ತಿರಲಿಲ್ಲ, ಸುಳ್ಳು ಹೇಳಿದೆ. ಇನ್ನು ಹೇಳುವುದಿಲ್ಲ. ಹುಷಾರಿಲ್ಲ ಅಂತ ನಿನ್ನನ್ನು ಕರೆಸುವುದಿಲ್ಲ. ಇದು ಮಾತು.

ಆದರೆ ತಾರೀಖಿನ ವಿಷಯ ನೆಪವಲ್ಲ. ನೀನು ಮರೆತಿದ್ದೀಯ. ಐದನೇ ಕ್ಲಾಸಿಗೆ ನಿನ್ನನ್ನು ಬಿಡಲು ಹೋದ ದಿನ, ಎರಡನೇ ಪ್ಲಾಟ್‌ಫಾರಂನಲ್ಲಿ, ನಿನ್ನ ಟ್ರಂಕಿನ ಮೇಲೆ ನಿನ್ನನ್ನೇ ಕೂರಿಸಿಕೊಂಡು ಒಂದು ಒಪ್ಪಂದ ಮಾಡಿದ್ದೆವು. ಅಲ್ಲಿಯ ವಾರ್ಡನ್ ಮಕ್ಕಳ ಪತ್ರ ಓದಿಯೇ ಅಂಚೆಗೆ ಹಾಕುತ್ತಾರೆ, ಕಷ್ಟ ಸುಖ ಬರೆದರೆ ಹರಿದುಹಾಕುತ್ತಾರೆ ಅಂತ ಗೊತ್ತಿತ್ತು. ಅದಕ್ಕೆ ನಾನೇ ಹೇಳಿದೆ, ‘ಎಲ್ಲ ಸರಿ ಇದ್ದರೆ ತಾರೀಖು ಮೇಲೆ ಹಾಕು. ಅಪ್ಪ ಬರಬೇಕು ಅನ್ನಿಸಿದರೆ ತಾರೀಖು ಕೆಳಗೆ ಹಾಕು. ಬರ್ತೀನಿ. ಯಾಕೆ ಅಂತ ಕೇಳಲ್ಲ.’

ನೀನು ಅದನ್ನು ಒಂದೇ ಸಲ ಬಳಸಿದೆ, ಆರನೇ ಕ್ಲಾಸಿನಲ್ಲಿ. ‘ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ’ ಅಂತ ಬರೆದು ಕೆಳಗೆ ತಾರೀಖು ಹಾಕಿದ್ದೆ. ಬಂದೆ. ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡು ವಾಪಸ್ ಬಿಟ್ಟೆ. ಯಾಕೆ ಅಂತ ಇವತ್ತಿನವರೆಗೂ ಕೇಳಿಲ್ಲ. ಈ ಸಲವೂ ನೀನು ಜ್ವರ ಇಲ್ಲ, ಬಿದ್ದಿಲ್ಲ, ಯಾರೂ ಬೈದಿಲ್ಲ ಅಂತ ಬರೆದಿದ್ದೆ. ಕೊನೆಯಲ್ಲಿ ತಾರೀಖು ನೋಡಿದೆ. ಶಿಫ್ಟ್ ಮುಗಿಯುವವರೆಗೂ ಕಾಯಲಿಲ್ಲ, ಬಟ್ಟೆ ಬದಲಾಯಿಸಲೂ ಇಲ್ಲ. ಗೇಟಿನಲ್ಲಿ ಕೂಗಿದ್ದು ಮಾತ್ರ ಚಟ. ಅದಕ್ಕೆ ಕ್ಷಮೆ ಇರಲಿ.

ಇಲ್ಲಿ ವಿಶೇಷ ಏನಿಲ್ಲ. ನಿನ್ನ ಅಮ್ಮ ಪತ್ರ ಓದಿ ನಗಲಿಲ್ಲ. ಮೈಕ್ ಗರಗರ ಅನ್ನುತ್ತದೆ ಅಂತ ಪ್ರಯಾಣಿಕರು ದೂರು ಕೊಟ್ಟರು, ಮ್ಯಾನೇಜರ್ ಹೊಸ ಮೈಕ್ ಹಾಕಿಸಿದರು. ಹೊಸದೂ ಗರಗರ ಅನ್ನುತ್ತದೆ.

ಇಂತಿ,
ಅಪ್ಪ


ಸೆಪ್ಟೆಂಬರ್ 3

ಅಪ್ಪಾ,

ಹತ್ತು ದಿನದಿಂದ ಈ ಪತ್ರ ಬರೆದು ಬರೆದು ಹರಿದುಹಾಕಿದ್ದೇನೆ. ನಿಮ್ಮದು ಓದಿದ ಮೇಲೆ ಟ್ರಂಕು, ಪ್ಲಾಟ್‌ಫಾರಂ, ನಿಮ್ಮ ಅಂಗಿಯ ಜೇಬಿನಲ್ಲಿದ್ದ ಸೀಟಿ, ಎಲ್ಲ ನೆನಪಾಯಿತು. ನಾನು ಎಂಥ ಕತ್ತೆ ಅಪ್ಪ.

ತಾರೀಖು ಕೆಳಗೆ ಹೋದದ್ದು ಹೇಗೆ ಅಂತ ಹೇಳುತ್ತೇನೆ. ನಮಗೆ ಇಲ್ಲಿ ಡ್ರಾಯಿಂಗ್ ಶೀಟಿನ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಹಾಕಿ ಹೆಸರು, ಸ್ಕೇಲು, ತಾರೀಖು ಬರೆಯಬೇಕು. ಬರೆಯದಿದ್ದರೆ ಸರ್ ಶೀಟನ್ನೇ ನೋಡುವುದಿಲ್ಲ. ದಿನಕ್ಕೆ ಆರು ಶೀಟ್. ಈಗ ಅಂಗಡಿಯ ಚೀಟಿ ಬರೆದರೂ ಕೈ ತಾನಾಗಿ ಕೆಳಗೆ ಹೋಗಿ ತಾರೀಖು ಹಾಕುತ್ತದೆ. ನೀವು ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದದ್ದು ನನ್ನ ಕೈಯ ಅಭ್ಯಾಸಕ್ಕೆ. ನಾನು ನಿಮ್ಮನ್ನು ಒಳಗೆ ಕೂರಿಸಲೂ ಇಲ್ಲ. ಒಂದು ಲೋಟ ನೀರು ಕೂಡ ಕೊಡಲಿಲ್ಲ.

ಆರನೇ ಕ್ಲಾಸಿನಲ್ಲಿ ಯಾಕೆ ಕರೆದೆ ಅಂತ ನೀವು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಏನೂ ಆಗಿರಲಿಲ್ಲ. ಪಕ್ಕದ ಮಂಚದವಳು ನಿಮ್ಮಪ್ಪ ಬಸ್ ಕೂಗುವುದು ಹೇಗೆ, ಮಾಡಿ ತೋರಿಸು ಅಂದಳು. ಮಾಡಲು ಹೋದರೆ ನಿಮ್ಮ ದನಿಯೇ ನೆನಪಿಗೆ ಬರಲಿಲ್ಲ. ಮುಖ ಬಂತು, ಟೋಪಿ ಬಂತು, ದನಿ ಬರಲಿಲ್ಲ. ಎಷ್ಟು ಹೆದರಿದೆ ಅಂದರೆ ಆವತ್ತೇ ಪತ್ರ ಬರೆದೆ. ನೀವು ಬಂದು ವಾರ್ಡನ್ ರೂಮಿನಲ್ಲಿ ‘ನಮಸ್ಕಾರ ಮೇಡಂ’ ಅಂದಿರಲ್ಲ, ಗೋಡೆಯಾಚೆ ನಿಂತು ಕೇಳಿಸಿಕೊಂಡೆ. ಅಷ್ಟಕ್ಕೇ ಸರಿಹೋಗಿತ್ತು. ನಾಲ್ಕು ದಿನದ ರಜೆ ಬೋನಸ್.

ಆ ಒಪ್ಪಂದವನ್ನು ಕೈಬಿಡುವುದು ಬೇಡ. ನಾನು ಇನ್ನು ಮುಂದೆ ಎಚ್ಚರದಿಂದ ಮೇಲೆಯೇ ಹಾಕುತ್ತೇನೆ, ನೋಡಿ, ಈ ಪತ್ರದಲ್ಲೂ ಹಾಕಿದ್ದೇನೆ. ಮತ್ತೆ ಇದು ನಿಮಗೂ ಅನ್ವಯ. ಹುಷಾರಿಲ್ಲ ಅಂತ ಕಥೆ ಕಟ್ಟಬೇಡಿ ಅಂದಿದ್ದೆನಲ್ಲ, ಅದರ ಬದಲು ನಿಜವಾಗಿ ನಾನು ಬರಲೇಬೇಕು ಅನ್ನಿಸಿದರೆ ತಾರೀಖು ಕೆಳಗೆ ಹಾಕಿ. ಬರುತ್ತೇನೆ. ಕ್ಲಾಸು, ಎಕ್ಸಾಮು ಏನಿದ್ದರೂ ಬಿಟ್ಟು ಬರುತ್ತೇನೆ. ಯಾಕೆ ಅಂತ ನಾನೂ ಕೇಳುವುದಿಲ್ಲ. ಪ್ರಾಮಿಸ್.

ಹೋದ ಭಾನುವಾರ ನಿಮ್ಮ ದನಿ ಡಬ್ಬದೊಳಗಿಂದ ಬಂದ ಹಾಗಿತ್ತು. ನೆಗಡಿಯಾ? ಬಿಸಿನೀರು ಕುಡಿಯಿರಿ. ಇದನ್ನು ಒಂದೇ ಸಲ ಹೇಳುತ್ತಿದ್ದೇನೆ.

ನಿಮ್ಮ
ಎಕ್ಸ್‌ಪ್ರೆಸ್


ಸೆಪ್ಟೆಂಬರ್ 28

ಅಪ್ಪಾ,

ಪರ್ಮಿಷನ್ ಲೆಟರ್ ಇದು. ಬೇಡ ಅನ್ನುವ ಮೊದಲು ಪೂರ್ತಿ ಓದಿ.

ಅಕ್ಟೋಬರ್ 14ರಿಂದ 17ರವರೆಗೆ ಕ್ಲಾಸಿನ ಎಂಟು ಜನ ಸಮುದ್ರದ ಹತ್ತಿರ ಒಂದು ಹಳೆಯ ಲೈಟ್‌ಹೌಸ್ ಅಳತೆ ಮಾಡಲು ಹೋಗುತ್ತಿದ್ದೇವೆ. ಟೇಪ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆದು ಡ್ರಾಯಿಂಗ್ ಮಾಡಬೇಕು. ಕಡ್ಡಾಯವೇನಲ್ಲ, ಇಷ್ಟ ಇದ್ದವರಿಗೆ. ಮೇಡಂ ಒಬ್ಬರು ಜೊತೆಗೆ ಇರುತ್ತಾರೆ. ಮೆಟ್ಟಿಲಿಗೆ ಕಂಬಿ ಇದೆಯಂತೆ, ನಾನೇ ವಿಚಾರಿಸಿದೆ. ನೀವು ಕೇಳುತ್ತೀರಿ ಅಂತಲ್ಲ, ನನಗೇ ಭಯ ಇತ್ತು.

ನಾನು ಇದುವರೆಗೂ ಸಮುದ್ರ ನೋಡಿಲ್ಲ ಅಪ್ಪ. ಒಂಬತ್ತನೇ ಕ್ಲಾಸಿನ ಟೂರ್ ಹೋಗಬೇಕಾಗಿದ್ದುದೂ ಸಮುದ್ರಕ್ಕೇ. ಅದನ್ನು ಹೇಳಿ ನಿಮ್ಮ ಬಾಯಿ ಕಟ್ಟುತ್ತಿಲ್ಲ. ಅಂದರೆ, ಸ್ವಲ್ಪ ಕಟ್ಟುತ್ತಿದ್ದೇನೆ.

ಹೂಂ ಅಂತ ಬರೆಯಿರಿ.

ನಿಮ್ಮ
ಎಕ್ಸ್‌ಪ್ರೆಸ್


ಎಕ್ಸ್‌ಪ್ರೆಸ್,

ಹೂಂ.

ಒಂದೇ ಪದದಲ್ಲಿ ಮುಗಿಸಬೇಕು ಅಂತಿದ್ದೆ. ಆದರೆ ಕಾಗದದಲ್ಲಿ ಜಾಗ ಉಳಿದರೆ ನನಗೆ ಪ್ಲಾಟ್‌ಫಾರಂ ಖಾಲಿ ಬಿದ್ದಂತೆ ಕಾಣುತ್ತದೆ, ಏನಾದರೂ ಕೂಗಬೇಕು ಅನ್ನಿಸುತ್ತದೆ.

ಲೈಟ್‌ಹೌಸ್ ಮೆಟ್ಟಿಲು ಇಳಿಯುವಾಗ ಹುಷಾರು. ಒಂದೇ ಸಲ ಹೇಳಿದ್ದೇನೆ, ಗಮನಿಸಬೇಕು. ಛತ್ರಿಯ ವಿಷಯ ಎತ್ತುವುದೇ ಇಲ್ಲ. ನಾನು ಈಗ ಮಾತು ಬಹಳ ಕಡಿಮೆ ಮಾಡಿದ್ದೇನೆ ಅಂತ ಮ್ಯಾನೇಜರ್ ಕೂಡ ಹೇಳುತ್ತಾರೆ. ಬೆಳ್ಳಿಯೆಲ್ಲ ಖಾಲಿಯಾಗುತ್ತ ಬಂತು, ಇನ್ನು ಬಂಗಾರದ ಅಂಗಡಿಯೇ ತೆರೆಯಬೇಕು.

ಮೊನ್ನೆ ನಿನ್ನ ಹಳೆಯ ಟ್ರಂಕು ತೆಗೆದೆ. ಒಳಗೆ ನಿನ್ನ ಪತ್ರಗಳೆಲ್ಲ ಇವೆ. ಆರನೇ ಕ್ಲಾಸಿನ ಆ ಒಂದು ಪತ್ರ ಮೇಲೇ ಇತ್ತು. ನೀನು ಅದರ ಕಾರಣ ಬರೆದ ಮೇಲೆ ಅದನ್ನು ಆಗಾಗ ಓದುತ್ತೇನೆ. ನಿನ್ನಷ್ಟು ಚೆನ್ನಾಗಿ ಕೇಳಿಸಿಕೊಂಡವರು ಯಾರೂ ಇಲ್ಲ, ಎಕ್ಸ್‌ಪ್ರೆಸ್. ಮೂವತ್ತು ವರ್ಷ ಕೂಗಿದ್ದೇನೆ, ಜನ ಕೇಳುವುದು ಬಸ್ಸಿನ ನಂಬರ್ ಮಾತ್ರ.

ನಿನ್ನ ಕಡೆಯಿಂದ ಬರುವ ಸಂಜೆ ಐದೂವರೆಯ ಬಸ್ಸನ್ನು ಈಗಲೂ ನಾನೇ ಕೂಗುವುದು. ಎರಡನೇ ಪ್ಲಾಟ್‌ಫಾರಂ.

ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಏನು ಮಾಡಿದರೂ ಯೋಚಿಸಿಯೇ ಮಾಡುತ್ತೀಯ.

ಇಂತಿ,
ಅಪ್ಪ

ಅಕ್ಟೋಬರ್ 8


ಅಕ್ಟೋಬರ್ 15

ಅಪ್ಪಾ,

ಈ ಕಾರ್ಡಿನ ಚಿತ್ರದಲ್ಲಿ ಇರುವುದೇ ಆ ಲೈಟ್‌ಹೌಸ್. ನೂರಾ ಅರವತ್ತೆರಡು ಮೆಟ್ಟಿಲು, ಎಲ್ಲವನ್ನೂ ಅಳೆದೆ. ಮೇಲೆ ಹೋದಾಗ ಭಯವಾಯಿತು, ಕಂಬಿ ಹಿಡಿದು ನಿಂತೆ, ಆದರೆ ಇಳಿಯಲಿಲ್ಲ. ಈ ಭಯ ಪೂರ್ತಿ ನನ್ನದೇ ಅಂತ ಗೊತ್ತಾಯಿತು, ಒಂಥರಾ ಖುಷಿಯಾಯಿತು. ನಮ್ಮಪ್ಪ ಒಂದೇ ಪದದಲ್ಲಿ ಹೂಂ ಅಂದರು ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೇನೆ. ಇಲ್ಲಿ ಸಿಗ್ನಲ್ ಇಲ್ಲ, ಇವತ್ತಿನ ಭಾನುವಾರದ ಕಾಲ್ ತಪ್ಪಿತು, ಸಾರಿ. ಹಾಸ್ಟೆಲ್‌ಗೆ ಹೋದ ಕೂಡಲೇ ಮಾಡುತ್ತೇನೆ. ಸಮುದ್ರ ನಿಮ್ಮ ಹಾಗೇ ಅಪ್ಪ, ಹೇಳಿದ್ದನ್ನೇ ಹೇಳುತ್ತದೆ.

ಎಕ್ಸ್‌ಪ್ರೆಸ್


ಅಕ್ಟೋಬರ್ 18

ಮಗಳೇ,

ನಿನ್ನೆ ಸಂಜೆ ನೀನು ಮಾಡಿದ ಫೋನನ್ನು ನಾನು ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ಬೈದುಬಿಡುತ್ತಿದ್ದೆ, ಇಲ್ಲ ಅತ್ತುಬಿಡುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪತ್ರ ಬರೆಯುವುದು ನಿಮ್ಮಿಬ್ಬರ ಕೆಲಸ, ನನಗೆ ರೂಢಿಯಿಲ್ಲ.

ನಿನ್ನ ಅಪ್ಪನಿಗೆ ಸೋಮವಾರ ಆಪರೇಷನ್ ಆಯಿತು. ಗಂಟಲಲ್ಲಿ ಗಡ್ಡೆ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಗೊತ್ತಾಯಿತು. ಗಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಜೀವಕ್ಕೆ ಅಪಾಯ ಇಲ್ಲ ಅಂದರು ಡಾಕ್ಟರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ದಾರಿ ಮಾಡಿದ್ದಾರೆ. ಇನ್ನು ಅವರ ದನಿ ಬರುವುದಿಲ್ಲ. ಅದನ್ನು ಡಾಕ್ಟರು ಮೊದಲೇ ಹೇಳಿದ್ದರು.

ಅವಳಿಗೆ ಹೇಳಿ ಅಂತ ಜಗಳ ಆಡಿದೆ. ‘ಹುಷಾರಿಲ್ಲ ಅಂತ ಕರೆಸಲ್ಲ ಅಂತ ಮಾತು ಕೊಟ್ಟಿದ್ದೀನಿ ಕಣೇ. ಬೇರೆ ಥರ ಬರೆದಿದ್ದೀನಿ. ಅವಳಿಗೆ ಗೊತ್ತಾಗುತ್ತೆ, ಬರ್ತಾಳೆ’ ಅಂದರು. ಬೇರೆ ಥರ ಅಂದರೆ ಏನು ಅಂತ ಕೇಳಿದರೆ ನಕ್ಕರು. ಒಂದು ಸಲ ಅವಳು ನನ್ನ ದನಿ ಕೇಳಿಸಿಕೊಂಡು ಹೋದರೆ ಸಾಕು, ಆಮೇಲೆ ಕೊಯ್ದುಕೊಳ್ಳಲಿ ಅಂದರು.

ಬುಧವಾರದಿಂದ ಶನಿವಾರದವರೆಗೆ ದಿನಾ ಸಂಜೆ ಎರಡನೇ ಪ್ಲಾಟ್‌ಫಾರಂಗೆ ಹೋಗಿ ನಿಂತರು. ರಜೆಯಲ್ಲಿದ್ದರೂ ಆ ಐದೂವರೆಯ ಬಸ್ಸನ್ನು ಮಾತ್ರ ನಾನೇ ಕೂಗುತ್ತೇನೆ ಅಂತ ಮೈಕ್ ತೆಗೆದುಕೊಳ್ಳುತ್ತಿದ್ದರಂತೆ. ಕೂಗಿ, ಇಳಿದು ಬಂದು, ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ನೋಡುವುದು. ಭಾನುವಾರ ಬೆಳಿಗ್ಗೆ ಅಡ್ಮಿಟ್ ಆದೆವು. ಆವತ್ತು ನಿನಗೆ ಮೂರು ಸಲ ಫೋನ್ ಮಾಡಿದರು. ನೀನು ಸಿಗಲಿಲ್ಲ. ಆಮೇಲೆ ನರ್ಸ್ ಫೋನ್ ಒಳಗಿಡಿ ಅಂದರು.

ಬರಲಿಲ್ಲವಲ್ಲ ನಿಮ್ಮ ಮಗಳು ಅಂದೆ. ‘ದೊಡ್ಡವಳಾಗಿದ್ದಾಳೆ. ಯೋಚಿಸಿಯೇ ಮಾಡಿರ್ತಾಳೆ. ಅವಳನ್ನ ಏನೂ ಅನ್ನಬೇಡ’ ಅಂದರು. ಆಮೇಲೆ ಅವರು ಆಡಿದ್ದು ಡಾಕ್ಟರ ಪ್ರಶ್ನೆಗೆ ಹೂಂ, ಊಹೂಂ ಅಷ್ಟೇ. ಮಾತು ಅಂತ ಆಡಿದ್ದು ಅದೇ ಕೊನೆ.

ಅವರು ಅನ್ನಬೇಡ ಅಂದಿದ್ದಾರೆ, ಅದಕ್ಕೆ ಅನ್ನುತ್ತಿಲ್ಲ. ಕಾಲೇಜಿನ ಕೆಲಸ ಮುಗಿದ ಮೇಲೆ ಬಿಡುವಾದರೆ ಬಾ.

ಅಮ್ಮ


ನವೆಂಬರ್ 5

ಅಪ್ಪಾ,

ಹನ್ನೆರಡು ದಿನ ನಿಮ್ಮ ಮಂಚದ ಪಕ್ಕದಲ್ಲೇ ಕೂತಿದ್ದವಳು, ಎಕ್ಸಾಮ್ ಅಂತ ನೀವು ಬೈದು ವಾಪಸ್ ಕಳಿಸಿದ ಮೇಲೆ ಬರೆಯುತ್ತಿದ್ದೇನೆ. ಬೈದು ಅಂದರೆ, ಸ್ಲೇಟಿನ ಮೇಲೆ ‘ಹೊರಡು’ ಅಂತ ಮೂರು ಸಲ ಬರೆದು. ಎದುರಿಗೆ ಹೇಳಲಾಗದ್ದನ್ನು ಬರೆಯುವುದು ನನ್ನ ಹಳೇ ರೋಗ. ಹಿಂದೆ ನಿಮ್ಮ ದನಿಗೆ ಹೆದರಿ ಬರೆಯುತ್ತಿದ್ದೆ. ಈಗ ಆ ಸ್ಲೇಟಿಗೆ ಹೆದರುತ್ತೇನೆ.

ಅಮ್ಮನಿಗೆ ಹೇಳಿದ್ದೇನೆ, ನಿಮಗೆ ಹೇಳಿರಲಿಲ್ಲ. ನಿಮಗೆ ಹೇಳಬೇಡ ಅಂತ ಅವಳು ಅಂದಳು. ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ನಾನು ಯೋಚಿಸಿ ಬರದೇ ಇದ್ದದ್ದಲ್ಲ ಅಪ್ಪ. ನಾನು ನೋಡಲೇ ಇಲ್ಲ.

ನಿಮ್ಮ ಪತ್ರ ಬಂದದ್ದು ಟೂರಿಗೆ ಮೂರು ದಿನ ಮೊದಲು, ಮಧ್ಯಾಹ್ನ. ‘ಹೂಂ’ ಅನ್ನುವುದನ್ನು ನೋಡಿ ಮೆಸ್‌ನಲ್ಲೇ ಕುಣಿದೆ. ಉಳಿದದ್ದನ್ನು ನಿಂತುಕೊಂಡೇ ಓದಿದೆ. ಬೆಳ್ಳಿ ಬಂಗಾರದ ಜೋಕಿಗೆ ನಕ್ಕು ರೂಮ್‌ಮೇಟ್‌ಗೂ ಓದಿ ಹೇಳಿದೆ. ತಾರೀಖಿನ ಮೇಲೆ ಕಣ್ಣು ಹೋಗಿರಲೇಬೇಕು. ದಿನಕ್ಕೆ ಆರು ಶೀಟಿನ ಕೆಳಗೆ ತಾರೀಖು ನೋಡುವ ಕಣ್ಣು, ಇದರಲ್ಲೂ ಇರುವ ಜಾಗದಲ್ಲೇ ಇದೆ ಅಂತ ದಾಟಿಹೋಯಿತು. ನೀವು ಎರಡನೇ ಪ್ಲಾಟ್‌ಫಾರಂ ಅಂತ ಬರೆದದ್ದು ಕೂಡ ನನಗೆ ತಟ್ಟಲಿಲ್ಲ. ಆ ಸಂಜೆ ನಾನು ಬ್ಯಾಗಿಗೆ ಛತ್ರಿ ಇಟ್ಟುಕೊಳ್ಳುತ್ತಿದ್ದೆ, ನೀವು ಹೇಳದಿದ್ದರೂ ಇಟ್ಟುಕೊಂಡೆ ಅಂತ ಹೆಮ್ಮೆಪಡುತ್ತಾ. ಅದೇ ಹೊತ್ತಿಗೆ ನೀವು ಬಸ್ಸಿನ ಬಾಗಿಲಲ್ಲಿ ನಿಂತಿದ್ದಿರಿ.

ದೊಡ್ಡವಳಾಗಿದ್ದಾಳೆ ಅಂದಿರಂತೆ. ಅದನ್ನು ಒಡೆಯಲು ಹನ್ನೆರಡು ದಿನವೂ ಧೈರ್ಯ ಬರಲಿಲ್ಲ. ಬೇಕೆಂದು ಬರದೇ ಹೋದ ಮಗಳು ವಾಸಿಯೋ, ನೋಡದೇ ಹೋದ ಮಗಳು ವಾಸಿಯೋ, ನನಗೆ ಗೊತ್ತಿಲ್ಲ. ನೀವು ನನ್ನ ತಲೆ ಸವರುವಾಗ ಯಾವ ಮಗಳನ್ನು ಸವರುತ್ತಿದ್ದಿರಿ ಅಂತಲೂ ಗೊತ್ತಾಗಲಿಲ್ಲ.

ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮ್ಯಾನೇಜರ್ ಸಿಕ್ಕಿದ್ದರು. ಈಗ ಅಲ್ಲಿ ರೆಕಾರ್ಡ್ ಮಾಡಿದ ಹೆಂಗಸಿನ ದನಿ. ಒಂದೇ ಸಲ ಹೇಳುತ್ತದೆ. ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳೋಣ ಅಂತ ಎರಡು ವರ್ಷದಿಂದ ಕೇಳುತ್ತಿದ್ದರಂತೆ, ಬಸ್ ಕೆಟ್ಟು ನಿಂತರೆ ಟೇಪಿಗೆ ಗೊತ್ತಾಗುತ್ತಾ ಅಂತ ನೀವು ಒಪ್ಪಲಿಲ್ಲವಂತೆ. ನಿಮ್ಮ ಫೋನಿನಲ್ಲಿ ಜಾಗ ಸಾಲದೆ ಹಳೆಯದೆಲ್ಲ ಅಳಿಸಿದ್ದೀರಿ, ಅಮ್ಮನ ಫೋನಿನಲ್ಲೂ ಏನಿಲ್ಲ. ನನ್ನ ಫೋನಿನಲ್ಲಿ ಇನ್ನೂರ ಹನ್ನೊಂದು ಇದ್ದವು.

ಹಾಸ್ಟೆಲ್‌ಗೆ ಬಂದ ರಾತ್ರಿಯೇ ನಿಮ್ಮ ದನಿ ನೆನಪು ಮಾಡಿಕೊಳ್ಳಲು ನೋಡಿದೆ. ಆರನೇ ಕ್ಲಾಸಿನ ಹಾಗೇ ಆಯಿತು. ಮುಖ ಬಂತು. ಈಗ ಪತ್ರ ಬರೆದು ಕರೆಸಿಕೊಂಡರೂ ಸರಿಹೋಗುವುದಿಲ್ಲ.

ಬೆಳಿಗ್ಗೆ ಮೂರನೇ ಮಹಡಿಗೆ ಹೋಗಿ ಆ ಸೀನಿಯರ್ ಬಾಗಿಲು ತಟ್ಟಿದೆ. ಆವತ್ತು ಡಿಲೀಟ್ ಮಾಡಿದೆ ಅಂತ ಸುಳ್ಳು ಹೇಳಿರಲಿ ದೇವರೇ ಅಂತ ಬೇಡಿಕೊಂಡೆ. ಯಾಕೆ ಬೇಕು ಅಂತ ಹೇಳಿದಾಗ ಅವಳ ಮುಖ ಸಣ್ಣಗಾಯಿತು. ‘ಸಾರಿ ಕಣೇ, ಇನ್ನೂ ಇದೆ’ ಅಂದಳು. ಅವಳು ಸಾರಿ ಕೇಳಿದಳು, ನಾನು ಥ್ಯಾಂಕ್ಸ್ ಹೇಳಿದೆ.

ಹತ್ತೊಂಬತ್ತು ಸೆಕೆಂಡ್ ಇದೆ ಅಪ್ಪ. ಮೇಲಿನಿಂದ ತೆಗೆದದ್ದು, ನಿಮ್ಮ ಟೋಪಿ ಮಾತ್ರ ಕಾಣುತ್ತದೆ. ಮೂರನೇ ಸಲದ ‘ದಯವಿಟ್ಟು ಗಮನಿಸಿ’ಯಿಂದ ಶುರುವಾಗುತ್ತದೆ, ಆಗಲೇ ದನಿ ಸ್ವಲ್ಪ ಒಡೆದಿತ್ತು, ಈಗ ಕೇಳಿದರೆ ಗೊತ್ತಾಗುತ್ತದೆ. ನನ್ನ ಹೆಸರು ಹೇಳುತ್ತೀರಿ. ಆಮೇಲೆ ಒದ್ದೆ ತಲೆಯಲ್ಲಿ ನಾನು ಓಡಿ ಬರುತ್ತೇನೆ. ‘ತಾರೀಖು ಕೆಳಗಿತ್ತಲ್ಲ, ಎಕ್ಸ್‌ಪ್ರೆಸ್’ ಅನ್ನುತ್ತೀರಿ, ಅದೂ ಕೇಳಿಸುತ್ತದೆ. ನೀವು ಇನ್ನೂ ಏನೋ ಹೇಳಲು ಬಾಯಿ ತೆರೆಯುತ್ತೀರಿ. ಅಷ್ಟರಲ್ಲಿ ನನ್ನ ದನಿ ಬರುತ್ತದೆ. ‘ಸುಮ್ನಿರಿ ಅಪ್ಪ. ಪ್ಲೀಸ್, ಬಾಯಿ ಮುಚ್ಚಿ.’ ಅಲ್ಲಿಗೆ ಮುಗಿಯುತ್ತದೆ.

ಭಾನುವಾರ ಮೂರು ಸಲ ಫೋನ್ ಮಾಡಿದ್ದು ಏನು ಹೇಳಲು ಅಂತ ನಿಮ್ಮನ್ನು ಕೇಳಿದ್ದೆ. ನೀವು ಸ್ಲೇಟಿನ ಮೇಲೆ ಏನೋ ಬರೆದಿರಿ, ನಾನು ಬಗ್ಗಿ ಓದುವಷ್ಟರಲ್ಲಿ ತೋಳಿನಿಂದ ಒರೆಸಿ ‘ಏನಿಲ್ಲ’ ಅಂತ ಬರೆದಿರಿ. ಸ್ಲೇಟಿನಲ್ಲಿ ನೀವು ಗೆಲ್ಲುತ್ತೀರಿ. ಅದಕ್ಕೆ ಕಾಗದದಲ್ಲಿ ಕೇಳುತ್ತಿದ್ದೇನೆ. ಅದೇನಿತ್ತೋ ಅದನ್ನು ಪೆನ್ನಿನಲ್ಲಿ ಬರೆಯಿರಿ. ನನ್ನನ್ನು ಬೈಯುವುದಿದ್ದರೆ ಅದನ್ನೂ ಬರೆಯಿರಿ. ತಾರೀಖು ಎಲ್ಲಿ ಬೇಕಾದರೂ ಹಾಕಿ, ಇನ್ನು ಮೇಲೆ ನಾನು ಮೊದಲು ಓದುವುದು ಅದನ್ನೇ. ಎಕ್ಸಾಮ್ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ. ಇಪ್ಪತ್ತೈದರ ಐದೂವರೆಯ ಬಸ್ಸಿನಲ್ಲಿ ಬರುತ್ತೇನೆ.

ಅಷ್ಟು ದಿನ ಕಾಯಲು ನನ್ನಿಂದ ಆಗುವುದಿಲ್ಲ. ಬೇಗ ಉತ್ತರ ಬರೆಯಿರಿ.

ನಿಮ್ಮ
ಎಕ್ಸ್‌ಪ್ರೆಸ್